ಹೆಸರು ಒಂದೇ, ವ್ಯಾಟ್ ಬೇರೆ

ಪಿ.ಯು.ಸಿ. ಫಲಿತಾಂಶ ಹೊರಬಿದ್ದು ಇಂಜಿನಿಯರಿಂಗ್ ಸೀಟುಗಳ ಹಂಚಿಕೆ ಶುರುವಾಯಿತೆಂದರೆ, ವಿಜ್ಞಾನದ ಮೇಷ್ಟರ ಮನೆಗೆ ಬರುವವರ ಪ್ರಶ್ನೆಯೂ ಬದಲಾಗುತ್ತದೆ. ಅಲ್ಲಿಯವರೆಗೆ 'ಯಾವ ಕಾಲೇಜು ಒಳ್ಳೆಯದು' ಎಂದು ಕೇಳುತ್ತಿದ್ದವರು ಈಗ 'ಯಾವ ಲ್ಯಾಪ್‌ಟಾಪ್ ಒಳ್ಳೆಯದು' ಎಂದು ಕೇಳುತ್ತಾರೆ. ಹಿಂದೆ ನಿಂತ ಮಗನೋ ಮಗಳೋ 'ಗ್ರಾಫಿಕ್ಸ್ ಕಾರ್ಡ್ ಇರಲೇಬೇಕು ಸಾರ್' ಎನ್ನುತ್ತಾರೆ. 'ಅದು ಓದುವುದಕ್ಕೋ ಆಡುವುದಕ್ಕೋ, ನೀವೇ ಹೇಳಿ' ಎಂದು ತಂದೆ ನನ್ನ ಮುಖ ನೋಡುತ್ತಾರೆ.

2023ರಲ್ಲಿ ಹೀಗೆ ಬಂದ ಒಬ್ಬ ತಂದೆಗೆ ನಾನು ತಪ್ಪು ಸಲಹೆ ಕೊಟ್ಟೆ. ಆತ ನನ್ನ ಮೊದಮೊದಲ ವರ್ಷಗಳ ಶಿಷ್ಯ. ಈಗ ಊರಿನಲ್ಲಿ ಪಂಪ್‌ಸೆಟ್ ಮೋಟರ್ ರಿವೈಂಡಿಂಗ್ ಅಂಗಡಿ ಇಟ್ಟುಕೊಂಡಿದ್ದಾನೆ. ಮಗನೂ ನನ್ನ ಶಿಷ್ಯನೇ. ಸೊಸೈಟಿಯಲ್ಲಿ ಸಾಲ ತೆಗೆದು ಮಗನಿಗೆ ಲ್ಯಾಪ್‌ಟಾಪ್ ಕೊಡಿಸಲು ಹೊರಟಿದ್ದ. ಎರಡು ಲ್ಯಾಪ್‌ಟಾಪ್‌ಗಳ ವಿವರ ಬರೆದುಕೊಂಡು ಬಂದಿದ್ದರು. ಎರಡರಲ್ಲೂ ಆರ್‌ಟಿಎಕ್ಸ್ 4060 ಎಂಬ ಒಂದೇ ಹೆಸರಿನ ಗ್ರಾಫಿಕ್ಸ್ ಕಾರ್ಡ್. ಬೆಲೆಯೂ ಹೆಚ್ಚುಕಮ್ಮಿ ಒಂದೇ, ಲಕ್ಷದ ಆಸುಪಾಸು. ಒಂದು ದಪ್ಪ, ಭಾರ. ಇನ್ನೊಂದು ತೆಳು, ಹಗುರ. ನಾನು ಕನ್ನಡಕ ಏರಿಸಿಕೊಂಡು ನೋಡಿ, 'ಕಾರ್ಡ್ ಎರಡರಲ್ಲೂ ಅದೇ. ಹಾಗಿದ್ದಮೇಲೆ ಭಾರ ಯಾಕೆ ಹೊರಬೇಕು? ತೆಳುವಾದದ್ದೇ ತೆಗೆದುಕೊಳ್ಳಿ' ಎಂದೆ. ಅವರು ಹಾಗೇ ಮಾಡಿದರು.

ದಸರಾ ರಜೆಯಲ್ಲಿ ಅಪ್ಪ-ಮಗ ಮತ್ತೆ ಬಂದರು. ಹುಡುಗ ಸಂಕೋಚದಿಂದಲೇ ಹೇಳಿದ: 'ಸಾರ್, ನನ್ನ ರೂಮ್‌ಮೇಟ್ ಆ ದಪ್ಪದ್ದು ತಗೊಂಡಿದ್ದಾನೆ. ಒಂದೇ ಗೇಮ್, ಒಂದೇ ಸೆಟ್ಟಿಂಗ್ ಹಾಕಿದರೂ ಅವನದರಲ್ಲಿ ನುಣ್ಣಗೆ ಓಡುತ್ತೆ, ನನ್ನದರಲ್ಲಿ ಇಲ್ಲ. ಬ್ಲೆಂಡರ್‌ನಲ್ಲಿ ಒಂದು ದೃಶ್ಯ ರೆಂಡರ್ ಆಗೋಕೂ ನನ್ನದೇ ಹೆಚ್ಚು ಹೊತ್ತು ತಗೊಳ್ಳುತ್ತೆ.' ನನಗೆ ಉತ್ತರ ಹೊಳೆಯಲಿಲ್ಲ. ಸುಮ್ಮನೆ ಕುಳಿತಿದ್ದ ತಂದೆ ಬ್ಯಾಗಿನಿಂದ ಚಾರ್ಜರ್ ತೆಗೆದು ತಿರುಗಿಸಿ, ಅದರ ಬೆನ್ನಿನ ಮೇಲಿದ್ದ ಸಣ್ಣ ಅಕ್ಷರಗಳನ್ನು ಓದಿದ.

'ಸಾರ್, ಇದು ಇಪ್ಪತ್ತು ವೋಲ್ಟು, ಆರು ಆಂಪೇರು. ಅಂದ್ರೆ ನೂರಿಪ್ಪತ್ತು ವ್ಯಾಟು. ಆ ಹುಡುಗಂದು ಇಪ್ಪತ್ತು ವೋಲ್ಟು, ಹನ್ನೊಂದೂವರೆ ಆಂಪೇರು ಅಂತೆ. ಇನ್ನೂರ ಮೂವತ್ತಾಯ್ತು. ಹೊಟ್ಟೆಗೆ ಹಾಕೋದೇ ಅರ್ಧ ಅಂದಮೇಲೆ ಕೆಲಸ ಎಲ್ಲಿಂದ ಬರಬೇಕು ಸಾರ್?'

ವಿಭವಾಂತರವನ್ನು ವಿದ್ಯುತ್ ಪ್ರವಾಹದಿಂದ ಗುಣಿಸಿದರೆ ಸಾಮರ್ಥ್ಯ ಬರುತ್ತದೆ ಎಂದು ಅವನಿಗೆ ಹೇಳಿಕೊಟ್ಟವನು ನಾನೇ. ಅಂಗಡಿಯ ಫಲಕ ಓದುವಾಗ ಮರೆತವನೂ ನಾನೇ. ಆ ತಪ್ಪಿಗೆ ಪ್ರಾಯಶ್ಚಿತ್ತವಾಗಿ ವಿಷಯವನ್ನು ಬುಡದಿಂದ ಓದಿಕೊಂಡೆ. ತಿಳಿದದ್ದನ್ನು ಇಲ್ಲಿ ಹಂಚಿಕೊಳ್ಳುತ್ತಿದ್ದೇನೆ.

ಮೊದಲು ಗ್ರಾಫಿಕ್ಸ್ ಕಾರ್ಡ್ ಏನು ಮಾಡುತ್ತದೆ ನೋಡೋಣ. ಲ್ಯಾಪ್‌ಟಾಪಿನ ಪರದೆಯ ಮೇಲೆ ಅಡ್ಡಲಾಗಿ 1920, ಉದ್ದಕ್ಕೆ 1080 ಚುಕ್ಕೆಗಳಿವೆ ಎನ್ನಿ. ಗುಣಿಸಿದರೆ 20,73,600. ಆಟದ ದೃಶ್ಯ ಕಣ್ಣಿಗೆ ನುಣ್ಣಗೆ ಕಾಣಬೇಕಾದರೆ ಸೆಕೆಂಡಿಗೆ 60 ಚಿತ್ರಗಳಾದರೂ ಬೇಕು. ಅಂದರೆ ಪ್ರತಿ ಸೆಕೆಂಡಿಗೆ ಹನ್ನೆರಡು ಕೋಟಿಗೂ ಹೆಚ್ಚು ಚುಕ್ಕೆಗಳ ಬಣ್ಣವನ್ನು ಲೆಕ್ಕ ಹಾಕಬೇಕು. ಬೆಳಕು ಎಲ್ಲಿಂದ ಬಿತ್ತು, ನೆರಳು ಎತ್ತ ಹೋಯಿತು, ಗೋಡೆ ಎಷ್ಟು ಒರಟು ಎಂಬ ಗಣಿತವೆಲ್ಲ ಪ್ರತಿ ಚುಕ್ಕೆಯ ಹಿಂದೆಯೂ ಇದೆ.

ಕಂಪ್ಯೂಟರಿನ ಮುಖ್ಯ ಸಂಸ್ಕಾರಕ ಬಹಳ ಬುದ್ಧಿವಂತ, ಆದರೆ ಅದರ ಕೈಗಳು ಕೆಲವೇ. ಗ್ರಾಫಿಕ್ಸ್ ಚಿಪ್‌ನ ರೀತಿ ಬೇರೆ. ಆಗಸ್ಟ್ ಹದಿನೈದರಂದು ಮೈದಾನದಲ್ಲಿ ನಡೆಯುವ ಸಾಮೂಹಿಕ ಕವಾಯತನ್ನು ನೆನಪಿಸಿಕೊಳ್ಳಿ. ಡ್ರಿಲ್ ಮೇಷ್ಟ್ರು ಒಂದು ಸಲ ಪೀಪಿ ಊದಿದರೆ ನೂರಾರು ಕೈಗಳು ಒಟ್ಟಿಗೆ ಮೇಲೇಳುತ್ತವೆ. ಮಕ್ಕಳಲ್ಲಿ ಒಬ್ಬೊಬ್ಬರೂ ಮಾಡುವುದು ಸಣ್ಣ ಕೆಲಸವೇ, ಆದರೆ ಎಲ್ಲರೂ ಏಕಕಾಲಕ್ಕೆ ಮಾಡುತ್ತಾರೆ. ಎನ್ವಿಡಿಯಾ ಕಂಪನಿಯ ಚಿಪ್‌ಗಳಲ್ಲಿ ಹೀಗೆ 32 ಲೆಕ್ಕಗಳ ಒಂದೊಂದು ಸಾಲು ಒಂದೇ ಆಜ್ಞೆಗೆ ಹೆಜ್ಜೆ ಹಾಕುತ್ತದೆ. ನಾನು ಹೇಳಿದ ಲ್ಯಾಪ್‌ಟಾಪಿನ 4060 ಚಿಪ್‌ನಲ್ಲಿ ಇಂಥ ಲೆಕ್ಕ ಮಾಡುವ ಕೋರ್‌ಗಳು 3072. ಚುಕ್ಕೆಗಳಿಗೆ ಬಣ್ಣ ಹಚ್ಚುವುದಕ್ಕೂ, ಕೃತಕ ಬುದ್ಧಿಮತ್ತೆಯ ಲೆಕ್ಕಗಳಿಗೂ ಇದೇ ಬಗೆಯ ಕವಾಯತು ಬೇಕು. ಆದ್ದರಿಂದಲೇ ಆಟಕ್ಕೆಂದು ಹುಟ್ಟಿದ ಈ ಚಿಪ್ ಈಗ ಪ್ರಯೋಗಾಲಯಗಳಲ್ಲೂ ಮರ್ಯಾದೆ ಪಡೆದಿದೆ.

ಈಗ ನಮ್ಮ ಹುಡುಗನ ಪ್ರಶ್ನೆಗೆ ಬರೋಣ. ಚಿಪ್ ಅದೇ, ಕೋರ್‌ಗಳ ಸಂಖ್ಯೆಯೂ ಅದೇ. ಹಾಗಾದರೆ ವ್ಯತ್ಯಾಸ ಎಲ್ಲಿಂದ ಬಂತು? ಕವಾಯತಿನ ಮಕ್ಕಳಿಗೆ ಬೆಳಗಿನ ತಿಂಡಿ ಎಷ್ಟು ಕೊಟ್ಟಿದ್ದಾರೆ ಎಂಬುದರಿಂದ. ಲ್ಯಾಪ್‌ಟಾಪಿನ 4060ಕ್ಕೆ ಎನ್ವಿಡಿಯಾ ನಿಗದಿ ಮಾಡಿರುವ ಸಾಮರ್ಥ್ಯ ಒಂದು ಸಂಖ್ಯೆಯಲ್ಲ, ಒಂದು ವ್ಯಾಪ್ತಿ: 35 ವ್ಯಾಟ್‌ನಿಂದ 115 ವ್ಯಾಟ್‌ವರೆಗೆ. ಮುಖ್ಯ ಸಂಸ್ಕಾರಕಕ್ಕೆ ಕೆಲಸ ಕಡಿಮೆಯಿದ್ದಾಗ ಅದರ ಪಾಲಿನಿಂದ ಮತ್ತೆ 25 ವ್ಯಾಟ್‌ವರೆಗೆ ಎರವಲು ಪಡೆಯುವ ಏರ್ಪಾಡೂ ಉಂಟು. ಎಷ್ಟು ಕೊಡಬೇಕು ಎಂಬುದನ್ನು ಲ್ಯಾಪ್‌ಟಾಪ್ ತಯಾರಿಸುವವರು ತಮ್ಮ ಪೆಟ್ಟಿಗೆಯ ಗಾತ್ರ ನೋಡಿ ತೀರ್ಮಾನಿಸುತ್ತಾರೆ. ಚಿಪ್‌ನ ಮೇಲ್ಮಿತಿಯ ಗಡಿಯಾರದ ವೇಗವೂ ಇದಕ್ಕೆ ತಕ್ಕಂತೆ 1470ರಿಂದ 2370 ಮೆಗಾಹರ್ಟ್ಸ್‌ವರೆಗೆ ಬದಲಾಗುತ್ತದೆ. ಅಂಗಡಿಯ ಫಲಕದಲ್ಲಿ ಮಾತ್ರ ಎಲ್ಲಕ್ಕೂ ಒಂದೇ ಹೆಸರು.

ಹಿಂದೆ ಹೀಗಿರಲಿಲ್ಲ. 2016ಕ್ಕೆ ಮೊದಲು ಲ್ಯಾಪ್‌ಟಾಪಿನ ಚಿಪ್‌ನ ಹೆಸರಿನ ಕೊನೆಗೆ 'ಎಂ' ಅಕ್ಷರ ಇರುತ್ತಿತ್ತು. ಇದು ಮೇಜಿನ ಕಂಪ್ಯೂಟರಿನದಲ್ಲ, ಅದಕ್ಕಿಂತ ಸಣ್ಣದು ಎಂದು ಗೊತ್ತಾಗುತ್ತಿತ್ತು. ಆ ವರ್ಷ ಬಂದ 10ರ ಸರಣಿಯಲ್ಲಿ ಆ ಅಕ್ಷರ ಹೋಯಿತು. 2017ರಲ್ಲಿ ಕಡಿಮೆ ವ್ಯಾಟ್‌ನ ಚಿಪ್‌ಗಳಿಗೆ 'ಮ್ಯಾಕ್ಸ್-ಕ್ಯೂ' ಎಂಬ ಗುರುತು ಬಂತು. 2021ರಲ್ಲಿ ಅದನ್ನೂ ಹೆಸರಿನಿಂದ ತೆಗೆದರು. ಗ್ರಾಹಕರ ಗೊಣಗಾಟ ಹೆಚ್ಚಿದ ಮೇಲೆ, ವ್ಯಾಟ್ ಎಷ್ಟೆಂದು ಲ್ಯಾಪ್‌ಟಾಪ್ ಕಂಪನಿಗಳು ತಮ್ಮ ವಿವರಪಟ್ಟಿಯಲ್ಲಿ ಹೇಳಬೇಕೆಂದಾಯಿತು. ಹೇಳುತ್ತಾರೆ, ಆದರೆ ಅದು ಸಣ್ಣ ಅಕ್ಷರದ ಕೊನೆಯ ಸಾಲಿನಲ್ಲಿರುತ್ತದೆ.

ಮೇಜಿನ ಕಂಪ್ಯೂಟರಿಗೂ ಲ್ಯಾಪ್‌ಟಾಪಿಗೂ ಇರುವ ಅಂತರ ಇನ್ನೂ ದೊಡ್ಡದು. ಮೇಜಿನ ಆರ್‌ಟಿಎಕ್ಸ್ 4090ರಲ್ಲಿ 16,384 ಕೋರ್‌ಗಳು, 24 ಜಿ.ಬಿ. ಸ್ಮೃತಿ, 450 ವ್ಯಾಟ್. ಅದೇ ಸಂಖ್ಯೆ ಹೊತ್ತ ಲ್ಯಾಪ್‌ಟಾಪಿನ ಚಿಪ್‌ನಲ್ಲಿ 9,728 ಕೋರ್‌ಗಳು, 16 ಜಿ.ಬಿ. ಸ್ಮೃತಿ, ಹೆಚ್ಚೆಂದರೆ 150 ವ್ಯಾಟ್, ಮೇಲೆ ಒಂದಿಷ್ಟು ಎರವಲು. ಕೋರ್‌ಗಳ ಲೆಕ್ಕದಲ್ಲಿ ಅದು ಮೇಜಿನ 4080ರ ಸಮ. 2025ರಲ್ಲಿ ಬಂದ 5090ರಲ್ಲೂ ಇದೇ ಕತೆ: ಮೇಜಿನದಕ್ಕೆ 21,760 ಕೋರ್‌ಗಳು, 575 ವ್ಯಾಟ್, ಲ್ಯಾಪ್‌ಟಾಪಿನದಕ್ಕೆ 10,496 ಕೋರ್‌ಗಳು, ಮೇಲ್ಮಿತಿ 150 ವ್ಯಾಟ್. ಆದ್ದರಿಂದ ಮೇಜಿನ ಕಾರ್ಡಿನ ವಿಮರ್ಶೆ ಓದಿ ಲ್ಯಾಪ್‌ಟಾಪ್ ಕೊಳ್ಳಬೇಡಿ.

ಹಾಗಾದರೆ ಹೆಚ್ಚು ವ್ಯಾಟ್ ಎಂದರೆ ಅಷ್ಟೇ ಹೆಚ್ಚು ವೇಗವೇ? ಅದೂ ಅಲ್ಲ. ಇಲ್ಲಿ ಪ್ರೌಢಶಾಲೆಯ ಗಣಿತ ಸಾಕು. ಚಿಪ್ ಬಳಸುವ ಸಾಮರ್ಥ್ಯ ಅದರ ಗಡಿಯಾರದ ಆವರ್ತನಕ್ಕೂ, ವಿಭವದ ವರ್ಗಕ್ಕೂ ಅನುಗುಣವಾಗಿರುತ್ತದೆ. ಆವರ್ತನ ಏರಿಸಬೇಕಾದರೆ ಸಾಮಾನ್ಯವಾಗಿ ವಿಭವವನ್ನೂ ಏರಿಸಬೇಕು. ಎರಡನ್ನೂ ಶೇಕಡಾ 10ರಷ್ಟು ಏರಿಸಿದರೆ 1.1ನ್ನು ಮೂರು ಸಲ ಗುಣಿಸಬೇಕು, 1.33 ಬರುತ್ತದೆ. ಅಂದರೆ ಶೇಕಡಾ 10ರ ವೇಗಕ್ಕೆ ಶೇಕಡಾ 33ರಷ್ಟು ಹೆಚ್ಚು ವಿದ್ಯುತ್ ತೆರಬೇಕು. ಹೀಗಾಗಿ 50 ವ್ಯಾಟ್‌ನಿಂದ 90ಕ್ಕೆ ಏರಿದಾಗ 4060ರಲ್ಲಿ ಸಿಗುವ ಲಾಭ ಕಣ್ಣಿಗೆ ಕಾಣುತ್ತದೆ. ಸುಮಾರು 100 ದಾಟಿದ ಮೇಲೆ ಸಿಗುವುದು ಬಹಳ ಅಲ್ಪ. 140 ವ್ಯಾಟ್‌ನದೇ ಬೇಕೆಂದು ಹಟ ಹಿಡಿಯುವ ಮಕ್ಕಳು ಇದನ್ನು ಗಮನಿಸಬೇಕು.

ಹಾಗೆಯೇ ದೊಡ್ಡ ಸಂಖ್ಯೆಯ ಆಸೆಯನ್ನೂ ಪರೀಕ್ಷಿಸಿ ನೋಡಿ. ಲ್ಯಾಪ್‌ಟಾಪಿನ 4060ಕ್ಕಿಂತ 4070ರಲ್ಲಿ ಕೋರ್‌ಗಳು ಒಂದೂವರೆ ಪಟ್ಟು, 4608. ಆದರೆ ವ್ಯಾಟ್‌ಗಳ ವ್ಯಾಪ್ತಿ ಅದೇ 35ರಿಂದ 115. ಸ್ಮೃತಿ ಅದೇ 8 ಜಿ.ಬಿ. ಆ ಸ್ಮೃತಿಯಿಂದ ಕೋರ್‌ಗಳಿಗೆ ದತ್ತಾಂಶ ಹರಿಯುವ ದಾರಿಯ ಅಗಲವೂ ಅದೇ 128 ಬಿಟ್. ಕವಾಯತಿಗೆ ಮಕ್ಕಳು ಹೆಚ್ಚಾದರು, ತಿಂಡಿಯೂ ಮೈದಾನದ ಗೇಟೂ ಹಿಂದಿನಷ್ಟೇ! ವೇಗ ಒಂದೂವರೆ ಪಟ್ಟಿನ ಹತ್ತಿರಕ್ಕೂ ಹೋಗುವುದಿಲ್ಲ. ಹೊಟ್ಟೆ ತುಂಬ ವಿದ್ಯುತ್ ಪಡೆದ 4060, ಉಪವಾಸವಿರುವ 4070ರ ಜೊತೆ ಹೆಗಲಿಗೆ ಹೆಗಲು ಕೊಟ್ಟು ಓಡಬಲ್ಲದು, ಕೆಲವೊಮ್ಮೆ ಮುಂದೆಯೂ ಹೋಗಬಲ್ಲದು.

ಸ್ಮೃತಿಯ ಮಾತು ಬಂತು. ಗ್ರಾಫಿಕ್ಸ್ ಕಾರ್ಡಿಗೆ ಅದರದೇ ಆದ ಸ್ಮೃತಿ ಇರುತ್ತದೆ, ಅದಕ್ಕೆ ವಿ-ರ್ಯಾಮ್ ಎನ್ನುತ್ತಾರೆ. ಲ್ಯಾಪ್‌ಟಾಪಿನ ಸಾಮಾನ್ಯ ರ್ಯಾಮ್ ಬೇರೆ, ಇದು ಬೇರೆ. ಅಡುಗೆಯವರ ಕೈಗೆಟುಕುವ ಕಟ್ಟೆಯಿದ್ದಂತೆ ಇದು. ಸಾಮಾನುಗಳು ಕಟ್ಟೆಯ ಮೇಲೆ ಹಿಡಿಸದಿದ್ದರೆ ಪದೇಪದೇ ಉಗ್ರಾಣಕ್ಕೆ ಓಡಬೇಕಾಗುತ್ತದೆ. ಆಗ ಆಟ ತಟ್ಟನೆ ನಿಂತು ಮುಂದೆ ಹೋಗುತ್ತದೆ. 2021ರ ಆರ್‌ಟಿಎಕ್ಸ್ 3050ರಲ್ಲಿ ಇದ್ದದ್ದು 4 ಜಿ.ಬಿ.; ಹೊಸ ಆಟಗಳಿಗೆ ಅದು ಸಾಲದು. 2023ರ 4050ರಲ್ಲಿ 6 ಜಿ.ಬಿ., 4060 ಮತ್ತು 4070ರಲ್ಲಿ 8. 2025ರ ಸರಣಿಯ 5060 ಮತ್ತು 5070 ಲ್ಯಾಪ್‌ಟಾಪ್ ಚಿಪ್‌ಗಳಲ್ಲೂ 8 ಜಿ.ಬಿ.ಯೇ, 12 ಬೇಕಾದರೆ 5070 ಟಿಐಗೆ ಹೋಗಬೇಕು. ಮಶೀನ್ ಲರ್ನಿಂಗ್ ಅಭ್ಯಾಸ ಮಾಡುವವರಿಗೆ ವೇಗಕ್ಕಿಂತ ಈ ಸಂಖ್ಯೆ ಮುಖ್ಯ. ಲೆಕ್ಕ ನಿಧಾನವಾದರೆ ಕಾಯಬಹುದು, ದತ್ತಾಂಶ ಸ್ಮೃತಿಯಲ್ಲಿ ಹಿಡಿಸದಿದ್ದರೆ ಲೆಕ್ಕ ಆರಂಭವೇ ಆಗುವುದಿಲ್ಲ. ಒಂದು ಎಚ್ಚರಿಕೆಯ ಮಾತು: ಲ್ಯಾಪ್‌ಟಾಪುಗಳಲ್ಲಿ ಈ ಚಿಪ್ಪನ್ನು ಮದರ್‌ಬೋರ್ಡಿಗೇ ಬೆಸುಗೆ ಹಾಕಿರುತ್ತಾರೆ. ಮುಂದೆ ಬದಲಾಯಿಸೋಣ ಎಂಬ ಮಾತೇ ಇಲ್ಲ. ಸಾಮಾನ್ಯ ರ್ಯಾಮನ್ನಾದರೂ ಹಲವು ಮಾದರಿಗಳಲ್ಲಿ ಆಮೇಲೆ ಹೆಚ್ಚಿಸಬಹುದು.

ಇನ್ನು ಉಷ್ಣದ ವಿಚಾರ. ಚಿಪ್‌ಗೆ ಹೋದ ನೂರು ವ್ಯಾಟ್ ಕೊನೆಗೆ ನೂರು ವ್ಯಾಟ್ ಉಷ್ಣವಾಗಿಯೇ ಹೊರಬರಬೇಕು. ಶಕ್ತಿಯ ಸಂರಕ್ಷಣಾ ನಿಯಮಕ್ಕೆ ಯಾವ ಕಂಪನಿಯೂ ಹೊರತಲ್ಲ. ದಪ್ಪ ಲ್ಯಾಪ್‌ಟಾಪಿನಲ್ಲಿ ದೊಡ್ಡ ಫ್ಯಾನು, ತಾಮ್ರದ ಕೊಳವೆಗಳಿಗೆ ಜಾಗ ಇರುತ್ತದೆ. ತೆಳುವಾದುದರಲ್ಲಿ ಇಲ್ಲ, ಅದಕ್ಕೇ ವ್ಯಾಟ್ ಕಡಿಮೆ. ಉಷ್ಣ ಹೊರಹೋಗುವ ವೇಗ, ಚಿಪ್‌ಗೂ ಕೋಣೆಯ ಗಾಳಿಗೂ ಇರುವ ತಾಪದ ಅಂತರವನ್ನು ಅವಲಂಬಿಸಿದೆ. ಚಿಪ್ 85 ಡಿಗ್ರಿಯಲ್ಲಿದೆ ಎಂದಿಟ್ಟುಕೊಳ್ಳಿ. ಹವಾನಿಯಂತ್ರಿತ ಮಳಿಗೆಯಲ್ಲಿ ಗಾಳಿ 22 ಡಿಗ್ರಿಯಾದರೆ ಅಂತರ 63. ಏಪ್ರಿಲ್‌ನಲ್ಲಿ ರಾಯಚೂರಿನ ಹಾಸ್ಟೆಲ್ ಕೋಣೆಯಲ್ಲಿ 38 ಡಿಗ್ರಿಯಾದರೆ ಅಂತರ 47 ಮಾತ್ರ. ಉಷ್ಣ ಹೊರಹಾಕುವ ಶಕ್ತಿ ಕಾಲುಭಾಗ ಕುಗ್ಗಿತು. ಆಗ ಚಿಪ್ ತನ್ನನ್ನು ಕಾಪಾಡಿಕೊಳ್ಳಲು ತಾನೇ ವೇಗ ಇಳಿಸುತ್ತದೆ. ಹಾಸಿಗೆಯ ಮೇಲಿಟ್ಟು ಆಡಿದರಂತೂ ಗಾಳಿಯ ಕಿಂಡಿಯೇ ಮುಚ್ಚಿಹೋಗುತ್ತದೆ. ಹಿಂಭಾಗವನ್ನು ಎರಡು ಪುಸ್ತಕಗಳ ಅಂಚಿನ ಮೇಲೆ ಎತ್ತರಿಸಿ ಇಡುವುದು ಖರ್ಚಿಲ್ಲದ ಉಪಾಯ. ಪುಸ್ತಕಕ್ಕೂ ಒಂದು ಉಪಯೋಗವಾದಂತಾಯಿತು!

ಬ್ಯಾಟರಿಯ ಮೇಲೆ ಆಡುತ್ತೇನೆ ಎನ್ನುವವರಿಗೂ ಒಂದು ಲೆಕ್ಕ. ವಿಮಾನದಲ್ಲಿ ವಿಶೇಷ ಅನುಮತಿಯಿಲ್ಲದೆ ಕೊಂಡೊಯ್ಯಬಹುದಾದ ಬ್ಯಾಟರಿಯ ಮಿತಿ 100 ವ್ಯಾಟ್-ಅವರ್. ಆದ್ದರಿಂದ ಲ್ಯಾಪ್‌ಟಾಪಿನ ಬ್ಯಾಟರಿಗಳು ಅದರೊಳಗೇ ನಿಲ್ಲುತ್ತವೆ. 90 ವ್ಯಾಟ್-ಅವರ್ ಬ್ಯಾಟರಿಯಿಂದ ಒಟ್ಟು 180 ವ್ಯಾಟ್ ಎಳೆದರೆ ಅರ್ಧ ಗಂಟೆಗೆ ಮುಗಿಯಿತು. ಅಷ್ಟು ವೇಗವಾಗಿ ಬ್ಯಾಟರಿ ಹಿಂಡಬಾರದೆಂದು ಯಂತ್ರವೇ ಕಾರ್ಡಿನ ವ್ಯಾಟ್ ಇಳಿಸಿಬಿಡುತ್ತದೆ. ಗೋಡೆಯ ಪ್ಲಗ್ ಇಲ್ಲದೆ ಪೂರ್ಣ ವೇಗವಿಲ್ಲ.

ಜಾಹೀರಾತಿನ ಇನ್ನೊಂದು ಬಲೆಯನ್ನೂ ಹೇಳಿಬಿಡುತ್ತೇನೆ. 2025ರ ಜನವರಿಯಲ್ಲಿ ಎನ್ವಿಡಿಯಾದ ಮುಖ್ಯಸ್ಥ ಜೆನ್ಸನ್ ಹುವಾಂಗ್ ವೇದಿಕೆಯ ಮೇಲೆ, ಹೊಸ 5070 ಹಿಂದಿನ 4090ರ ಸಾಧನೆ ತೋರುತ್ತದೆ ಎಂದರು. ಅದರ ಒಳಗುಟ್ಟು ಇದು: ಕಾರ್ಡ್ ನಿಜವಾಗಿ ರಚಿಸುವುದು ಒಂದು ಚಿತ್ರ, ಅದರ ನಂತರದ ಮೂರು ಚಿತ್ರಗಳನ್ನು ಕೃತಕ ಬುದ್ಧಿಮತ್ತೆ ಊಹಿಸಿ ಸೇರಿಸುತ್ತದೆ. ಪರದೆಯ ಮೇಲೆ ಚಲನೆ ನುಣ್ಣಗಾಗುತ್ತದೆ, ಅದು ಸುಳ್ಳಲ್ಲ. ಆದರೆ ನೀವು ಗುಂಡಿ ಒತ್ತಿದ್ದಕ್ಕೆ ಉತ್ತರ ಬರುವುದು ನಿಜವಾದ ಚಿತ್ರದಲ್ಲೇ. ರೆಂಡರಿಂಗ್ ಕೆಲಸಕ್ಕಂತೂ ಈ ಊಹೆಯ ಚಿತ್ರಗಳಿಂದ ಉಪಯೋಗವಿಲ್ಲ. ಜಾಹೀರಾತಿನ ಕಂಬಚಿತ್ರದಲ್ಲಿ ಒಂದು ಕಂಬ ಮೂರುಪಟ್ಟು ಎತ್ತರ ಕಂಡರೆ, ಕೆಳಗಿನ ಟಿಪ್ಪಣಿ ಓದಿ.

ಹಾಗಾದರೆ ಅಂಗಡಿಯಲ್ಲಿ ಏನು ಮಾಡಬೇಕು? ಮೊದಲು ಚಾರ್ಜರ್ ತೋರಿಸಿ ಎನ್ನಿ. ವೋಲ್ಟನ್ನು ಆಂಪೇರಿನಿಂದ ಗುಣಿಸಿ. ನೂರು-ನೂರಿಪ್ಪತ್ತು ವ್ಯಾಟ್ ಚಾರ್ಜರ್ ಇರುವ ಯಂತ್ರದಲ್ಲಿ ಕಾರ್ಡಿಗೆ ನೂರು ವ್ಯಾಟ್ ಸಿಗುವುದು ಸಾಧ್ಯವಿಲ್ಲ, ಸಂಸ್ಕಾರಕವೂ ಪರದೆಯೂ ಅದರಲ್ಲೇ ಉಣ್ಣಬೇಕಲ್ಲ! ಚಾರ್ಜರ್ ದೊಡ್ಡದಾದ ಮಾತ್ರಕ್ಕೆ ಕಾರ್ಡಿಗೆ ಹೆಚ್ಚು ಸಿಕ್ಕೀತೆಂಬ ಖಾತರಿಯಿಲ್ಲ. ಚಿಕ್ಕದಾದರೆ ಸಿಗುವುದಿಲ್ಲ ಎಂಬುದು ಖಾತರಿ. ಎರಡನೆಯದಾಗಿ, ಆ ಮಾದರಿಯ ವಿವರಪಟ್ಟಿಯಲ್ಲಿ 'ಮ್ಯಾಕ್ಸಿಮಮ್ ಗ್ರಾಫಿಕ್ಸ್ ಪವರ್' ಅಥವಾ 'ಟಿಜಿಪಿ' ಎಂಬ ಸಾಲು ಹುಡುಕಿ. ಪ್ರದರ್ಶನಕ್ಕಿಟ್ಟ ಯಂತ್ರವನ್ನು ಚಾಲೂ ಮಾಡಿಸಿ, ಎನ್ವಿಡಿಯಾ ಕಂಟ್ರೋಲ್ ಪ್ಯಾನೆಲ್‌ನ ಸಿಸ್ಟಮ್ ಮಾಹಿತಿಯಲ್ಲೂ ಈ ಸಂಖ್ಯೆ ನೋಡಬಹುದು. ಮೂರನೆಯದಾಗಿ, ವಿ-ರ್ಯಾಮ್ ಎಷ್ಟೆಂದು ಕೇಳಿ. ಎ.ಎಂ.ಡಿ.ಯವರ ರೇಡಿಯಾನ್ ಕಾರ್ಡ್ ನೋಡುತ್ತಿದ್ದರೂ ಇದೇ ಮೂರು ಪ್ರಶ್ನೆ. ಅವರು 2023ರ 7000 ಸರಣಿಯಲ್ಲಿ 7600ಎಸ್, 7700ಎಸ್ ಎಂದು ತೆಳು ಯಂತ್ರಗಳ ಚಿಪ್‌ಗಳಿಗೆ 'ಎಸ್' ಅಕ್ಷರವನ್ನಾದರೂ ಸೇರಿಸಿದ್ದರು.

ನಾಲ್ಕನೆಯ ಪ್ರಶ್ನೆ ಅಂಗಡಿಯವರಿಗಲ್ಲ, ಮನೆಯವರಿಗೆ. ಈ ಕಾರ್ಡ್ ನಿಜಕ್ಕೂ ಬೇಕೇ? ಪ್ರೋಗ್ರಾಮಿಂಗ್ ಕಲಿಯಲು, ವರದಿ ಬರೆಯಲು, ವಿಡಿಯೊ ಪಾಠ ನೋಡಲು, ಸಾಧಾರಣ ನಕ್ಷೆ ಬಿಡಿಸಲು ಸಂಸ್ಕಾರಕದ ಜೊತೆಗೇ ಬರುವ ಗ್ರಾಫಿಕ್ಸ್ ಸಾಕು. ಆ ಹಣದಲ್ಲಿ ರ್ಯಾಮ್ ಹೆಚ್ಚಿರುವ, ಬ್ಯಾಟರಿ ದಿನವಿಡೀ ಬರುವ ಯಂತ್ರ ಸಿಗುತ್ತದೆ. ಮೂರು ಆಯಾಮದ ವಿನ್ಯಾಸ, ಅನಿಮೇಶನ್, ವಿಡಿಯೊ ಸಂಕಲನ, ಮಶೀನ್ ಲರ್ನಿಂಗ್ ಮಾಡುವವರಿಗೆ ಪ್ರತ್ಯೇಕ ಕಾರ್ಡ್ ಉಪಯುಕ್ತ. ಅದರಲ್ಲೂ ಮಶೀನ್ ಲರ್ನಿಂಗ್‌ನ ಬಹುಪಾಲು ಪಾಠಗಳು ಎನ್ವಿಡಿಯಾದ ಕುಡಾ ತಂತ್ರಾಂಶವನ್ನು ನಂಬಿ ಬರೆದವು. ಆದರೆ ಕಲಿಕೆಯ ಮೊದಲ ಹಂತಕ್ಕೆ ಗೂಗಲ್ ಕೊಲ್ಯಾಬ್‌ನಂಥ ಸೇವೆಗಳಲ್ಲಿ, ಕೆಲವು ಮಿತಿಗಳೊಳಗೆ, ಉಚಿತವಾಗಿಯೇ ಗ್ರಾಫಿಕ್ಸ್ ಚಿಪ್‌ನ ಬಳಕೆ ಸಿಗುತ್ತದೆ. ಆಟಕ್ಕೇ ಬೇಕೆಂದರೆ, ಮಕ್ಕಳೇ, ಆಟಕ್ಕೆ ಎಂದೇ ಹೇಳಿ. ಆಟ ಅಪರಾಧವಲ್ಲ. ಓದಿನ ಹೆಸರಿನಲ್ಲಿ ಅಪ್ಪನಿಂದ ಸಾಲ ಮಾಡಿಸುವುದು ಮಾತ್ರ ಸರಿಯಲ್ಲ. ಪೋಷಕರೂ ಅಷ್ಟೆ, ನಿಜ ಹೇಳಿದ ಮಗುವಿನ ಮೇಲೆ ರೇಗಬೇಡಿ. ಇಷ್ಟು ಹಣ ಕೊಡಬಲ್ಲೆ, ಇಷ್ಟು ಕೊಡಲಾರೆ ಎಂದು ಕೂತು ಮಾತಾಡಿ.

ನಮ್ಮ ಹುಡುಗನ ಲ್ಯಾಪ್‌ಟಾಪನ್ನು ಅಂಗಡಿಯವರು ಹಿಂದಕ್ಕೆ ತೆಗೆದುಕೊಳ್ಳುವ ಅವಧಿ ಆಗಲೇ ಮುಗಿದಿತ್ತು. ಆಟದಲ್ಲಿ ಸೆಟ್ಟಿಂಗ್ ಒಂದು ಮೆಟ್ಟಿಲು ಇಳಿಸಿಕೊಂಡ, ರೆಂಡರ್ ಕೆಲಸವನ್ನು ರಾತ್ರಿ ಹಚ್ಚಿ ಮಲಗುವುದು ಕಲಿತ. ಯಂತ್ರ ಹಗುರವಾಗಿರುವುದರಿಂದ ದಿನವೂ ತರಗತಿಗೆ ಒಯ್ಯುತ್ತಾನಂತೆ. ರೂಮ್‌ಮೇಟ್‌ನದು ಮೇಜು ಬಿಟ್ಟು ಏಳುವುದಿಲ್ಲ. ಅವನು ಹೀಗೆ ಹೇಳುವುದು ನನ್ನ ಸಮಾಧಾನಕ್ಕೆ ಎಂದು ನನಗೆ ಗೊತ್ತು. ತಂದೆಯ ಸೊಸೈಟಿ ಸಾಲ ಮಾತ್ರ ಪೂರ್ತಿ ವ್ಯಾಟ್‌ನಲ್ಲೇ ಓಡಿತು, ಕಂತು ಒಂದೂ ಕಡಿಮೆಯಾಗಲಿಲ್ಲ.

ಈಗ ಯಾರೇ ಲ್ಯಾಪ್‌ಟಾಪ್ ಬಗ್ಗೆ ಕೇಳಲು ಬಂದರೂ ನಾನು ಎರಡು ಮಾತು ಹೇಳಿ, 'ಹೊರಡುವ ಮುಂಚೆ ಆ ಮೋಟರ್ ರಿವೈಂಡಿಂಗ್ ಅಂಗಡಿಗೂ ಒಮ್ಮೆ ಹೋಗಿ ಬನ್ನಿ' ಎನ್ನುತ್ತೇನೆ. ಅವನು ಕಾರ್ಡಿನ ಹೆಸರು ಕೇಳುವುದೇ ಇಲ್ಲವಂತೆ. ಚಾರ್ಜರ್ ಎಷ್ಟು ವೋಲ್ಟು, ಎಷ್ಟು ಆಂಪೇರು ಎಂದಷ್ಟೇ ಕೇಳುತ್ತಾನಂತೆ.